ಹೆಸರು ಮತ್ತು ಅಳತೆ: ದತ್ತಾಂಶ ಕೇಂದ್ರಗಳ ವಿರೋಧವನ್ನು ಕುರಿತು ಒಂದು ವಿಮರ್ಶೆ

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಪಶ್ಚಿಮ ದೇಶಗಳ ಸಣ್ಣ ಊರುಗಳಲ್ಲಿ ಒಂದೇ ಬಗೆಯ ವಿವಾದವು ಮತ್ತೆ ಮತ್ತೆ ತಲೆಯೆತ್ತಿದೆ. ದೊಡ್ಡ ಕಂಪನಿಯೊಂದು ಊರ ಹೊರಗಿನ ಬಯಲಿನಲ್ಲಿ ದತ್ತಾಂಶ ಕೇಂದ್ರವನ್ನು ಕಟ್ಟಬಯಸುತ್ತದೆ. ಊರವರಲ್ಲಿ ಹಲವರು ಬೇಡವೆನ್ನುತ್ತಾರೆ. ಪತ್ರಿಕೆಗಳು ಡೇಟಾ ಸೆಂಟರ್ ಎಂದು ಬರೆಯುವ ಈ ಕಟ್ಟಡದ ಸ್ವರೂಪವನ್ನು ಮೊದಲೇ ಹೇಳಿಬಿಡುವುದು ಲೇಸು. ನಾವು ಕಳಿಸುವ ಪತ್ರ, ತೆಗೆಯುವ ಚಿತ್ರ, ಮಾಡುವ ಹಣಪಾವತಿ ಇವೆಲ್ಲದರ ದಾಖಲೆ ಉಳಿಯುವುದು ಸಾವಿರಾರು ಕಂಪ್ಯೂಟರುಗಳನ್ನು ಸಾಲುಸಾಲಾಗಿ ಜೋಡಿಸಿದ ವಿಶಾಲವಾದ ಹಜಾರಗಳಲ್ಲಿ. ಅವು ಹಗಲಿರುಳೂ ನಡೆಯುತ್ತಿರಬೇಕು, ನಡೆದಷ್ಟೂ ಬಿಸಿಯೇರುತ್ತವೆ, ಆ ಬಿಸಿಯನ್ನು ಗಾಳಿಯಿಂದಲೋ ನೀರಿನಿಂದಲೋ ತಣಿಸಬೇಕು. ಆದಕಾರಣ ಇಂಥ ಕಟ್ಟಡಕ್ಕೆ ನೆಲವೂ ವಿದ್ಯುತ್ತೂ ಹೇರಳವಾಗಿ ಬೇಕು. ಅನೇಕ ಕಡೆ ನೀರೂ ಬೇಕು. ಕಟ್ಟುವಾಗ ಕೂಲಿಕಾರರು ಬಹುಮಂದಿ ಇರುತ್ತಾರೆ; ಕಟ್ಟಿ ಮುಗಿದ ಮೇಲೆ, ಅದರ ಗಾತ್ರಕ್ಕೆ ಹೋಲಿಸಿದರೆ, ಒಳಗೆ ದುಡಿಯುವವರು ಕಡಮೆ.

ಈ ವಿರೋಧಕ್ಕೆ ಸಾಮಾನ್ಯವಾಗಿ ಎರಡು ವ್ಯಾಖ್ಯಾನಗಳನ್ನು ಕೊಡುವುದುಂಟು. ಹಳ್ಳಿಗರು ಹೊಸದಕ್ಕೆ ಅಂಜುತ್ತಾರೆ ಎಂಬುದು ಒಂದು. ಕೇಂದ್ರದ ಪ್ರಯೋಜನ ಎಲ್ಲರಿಗೂ ಬೇಕು, ಆದರೆ ಅದು ತಮ್ಮ ಹಿತ್ತಿಲಲ್ಲಿ ಬೇಡ ಎಂಬ ಸ್ವಾರ್ಥವೇ ಇದು ಎಂಬುದು ಇನ್ನೊಂದು. ಕೃತಿಯನ್ನು ಬದಿಗಿಟ್ಟು ಕವಿಯ ಮನಸ್ಸನ್ನು ಕೆದಕುವ ವಿಮರ್ಶಕನ ದೋಷವೇ ಈ ಎರಡು ವ್ಯಾಖ್ಯಾನಗಳಲ್ಲಿಯೂ ಇದೆ. ವಿರೋಧಿಸಿದವರು ಏನನ್ನು ಕೇಳಿದರು ಎಂಬುದನ್ನು ಬಿಟ್ಟು, ಅವರು ಏಕೆ ಹಾಗೆ ಕೇಳಿರಬೇಕೆಂದು ಇವು ಊಹಿಸಹೊರಡುತ್ತವೆ. ಕೇಳಿದ್ದನ್ನು ಕೇಳಿದಂತೆ ಓದಿದರೆ ಅದರಲ್ಲಿ ಎದ್ದು ಕಾಣುವುವು ಎರಡು ಬೇಡಿಕೆಗಳು: ಬರುವವನು ಯಾರೆಂದು ತಿಳಿಯಬೇಕು, ಅವನು ಕೊಂಡೊಯ್ಯುವುದು ಎಷ್ಟೆಂದು ತಿಳಿಯಬೇಕು. ಹೆಸರು ಮತ್ತು ಅಳತೆ. ಈ ಎರಡನ್ನೂ ಮರೆಮಾಡಿದ ಕಡೆ ವಿರೋಧವು ಬಲಿತಿದೆ ಎಂಬುದೇ ಈ ಲೇಖನದಲ್ಲಿ ನಾವು ನಿರೂಪಿಸಬೇಕೆಂದಿರುವ ಸಂಗತಿ.

ಸಾಹಿತ್ಯದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ವಿಷಯದಿಂದ ಆಗಬೇಕಾದುದೇನು ಎಂದು ಕೇಳಬಹುದು. ವಿವಾದದ ಮೂಲದಲ್ಲಿ ಒಂದು ಮಾತಿನ ಪ್ರಯೋಗವಿದೆ ಎಂಬುದೇ ಇದಕ್ಕೆ ಉತ್ತರ. ಇಂಗ್ಲಿಷಿನಲ್ಲಿ ಕ್ಲೌಡ್ ಎಂದು ಬಳಕೆಗೆ ಬಂದು ಈಗ ಕನ್ನಡದಲ್ಲಿಯೂ ಅಲ್ಲಲ್ಲಿ ಮೇಘವೆಂದು ಕಾಣಿಸಿಕೊಳ್ಳುತ್ತಿರುವ ಮಾತದು. ಲಕ್ಷಣೆಯು ಪ್ರವರ್ತಿಸಬೇಕಾದರೆ ಮುಖ್ಯಾರ್ಥಕ್ಕೆ ಬಾಧೆಯಿರಬೇಕು, ಮುಖ್ಯಾರ್ಥದೊಡನೆ ಸಂಬಂಧವಿರಬೇಕು, ರೂಢಿಯಾಗಲಿ ಪ್ರಯೋಜನವಾಗಲಿ ಇರಬೇಕು ಎಂದು ನಮ್ಮ ಆಲಂಕಾರಿಕರು ಹೇಳಿದ್ದಾರಷ್ಟೆ. ತರಗತಿಯಲ್ಲಿ ಎಲ್ಲರೂ ಕೊಡುವ ಉದಾಹರಣೆ ಗಂಗೆಯಲ್ಲಿ ಗೊಲ್ಲರಹಟ್ಟಿ ಎಂಬುದು. ಹರಿಯುವ ನೀರಿನ ಮೇಲೆ ಹಟ್ಟಿ ಇರಲಾರದು; ಆದ್ದರಿಂದ ದಡದಲ್ಲಿ ಎಂದು ತಿಳಿಯುತ್ತೇವೆ; ದಡವೆನ್ನದೆ ಗಂಗೆ ಎಂದುದರಿಂದ ತಂಪು ಪಾವನತ್ವಗಳು ತೋರುತ್ತವೆ. ಕಡತಗಳು ಮೇಘದಲ್ಲಿವೆ ಎಂಬ ಪ್ರಯೋಗಕ್ಕೂ ಪ್ರಯೋಜನವಿಲ್ಲದೆ ಇಲ್ಲ. ತೂಕವಿಲ್ಲದ್ದು, ಎಲ್ಲಿಂದಲೂ ಕಾಣುವಂಥದು, ಯಾರೊಬ್ಬರ ನೆಲಕ್ಕೂ ಸೇರದ್ದು ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಆದರೆ ಗಂಗೆಯ ಉದಾಹರಣೆಯಲ್ಲಿ ದಡವು ಕೇಳುವವನ ಕಣ್ಣಿಗೆ ಮರೆಯಾಗುವುದಿಲ್ಲ. ಮೇಘದ ಪ್ರಯೋಗದಲ್ಲಿ ಮುಖ್ಯಾರ್ಥಕ್ಕೆ ಬಾಧೆಯುಂಟೆಂಬುದೇ ಯಾರಿಗೂ ತೋರುವುದಿಲ್ಲ; ದಡವು ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಆ ದಡದಲ್ಲಿ ವಾಸಿಸುವವರು ಮಾತ್ರ ಕೇಳಬೇಕಾಗುತ್ತದೆ. ಸ್ಪೇನ್ ದೇಶದಲ್ಲಿ ಇಂಥ ಕೇಂದ್ರಗಳನ್ನು ಪ್ರಶ್ನಿಸುವ ಗುಂಪೊಂದು ತನಗೆ ಇಟ್ಟುಕೊಂಡಿರುವ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನಿನ್ನ ಮೋಡ ನನ್ನ ಹೊಳೆಯನ್ನು ಬತ್ತಿಸುತ್ತಿದೆ’ ಎಂದಾಗುತ್ತದೆ. ಹೊಳೆಯನ್ನು ತುಂಬಬೇಕಾದ ಮೋಡವೇ ಹೊಳೆಯನ್ನು ಬತ್ತಿಸುತ್ತಿದೆ ಎಂಬಲ್ಲಿ, ಸತ್ತುಹೋಗಿದ್ದ ಮುಖ್ಯಾರ್ಥವು ಮತ್ತೆ ಜೀವಿಸಿ ಬಾಧೆಯು ಪ್ರಕಟವಾಗುತ್ತದೆ. ಈ ಚಳವಳಿಗಳಿಂದ ಹೊರಟ ಮಾತುಗಳಲ್ಲಿ ಇಷ್ಟು ಔಚಿತ್ಯವುಳ್ಳದ್ದನ್ನು ನಾವು ಬೇರೆ ಕಂಡಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ನಾವು ವಿಸ್ತಾರವಾಗಿ ನೋಡಬೇಕೆಂದಿರುವುದು ನೆದರ್ಲೆಂಡ್ಸ್ ದೇಶದ ಫ್ಲೇವೋಲ್ಯಾಂಡ್ ಪ್ರಾಂತದಲ್ಲಿರುವ ಜೇವೋಲ್ಡೆ ಎಂಬ ಊರನ್ನು. ಆ ಊರು ನಿಂತಿರುವ ನೆಲವು 1960ರ ದಶಕದವರೆಗೂ ನೀರಿನ ತಳವಾಗಿತ್ತು. ದೇಶದ ಮಧ್ಯಕ್ಕೆ ಚಾಚಿಕೊಂಡಿದ್ದ ಕಡಲ ಕೊಲ್ಲಿಯೊಂದಕ್ಕೆ ಅಡ್ಡಲಾಗಿ 1932ರಲ್ಲಿ ಮೂವತ್ತು ಕಿಲೋಮೀಟರಿಗೂ ಮಿಕ್ಕ ಉದ್ದದ ಒಡ್ಡನ್ನು ಕಟ್ಟಿದರು. ಒಳಗೆ ಉಳಿದ ನೀರು ಕ್ರಮೇಣ ಸಿಹಿಯಾಯಿತು. ಅದರಲ್ಲಿ ಒಂದೊಂದೇ ಭಾಗವನ್ನು ಮತ್ತೆ ಒಡ್ಡುಗಳಿಂದ ಸುತ್ತುಗಟ್ಟಿ, ನೀರನ್ನು ಯಂತ್ರಗಳಿಂದ ಹೊರಹಾಕಿ, ಸಾಗುವಳಿಗೆ ತಂದರು. ದಕ್ಷಿಣ ಫ್ಲೇವೋಲ್ಯಾಂಡ್ ಬರಿದಾದುದು 1968ರಲ್ಲಿ. ಜೇವೋಲ್ಡೆ ಪುರಸಭೆಯಾದುದು 1984ರಲ್ಲಿ. ಉತ್ತರ ಕನ್ನಡದ ಅಳಿವೆಗಳಲ್ಲಿ ಒಡ್ಡು ಹಾಕಿ ಉಪ್ಪುನೀರನ್ನು ತಡೆದು ಬೆಳೆ ತೆಗೆಯುವ ಗಜನಿ ಗದ್ದೆಗಳನ್ನು ಬಲ್ಲವರಿಗೆ ಈ ಕೆಲಸದ ಸ್ವರೂಪ ತಿಳಿದೀತು. ಪ್ರಮಾಣ ಮಾತ್ರ ಬಲು ದೊಡ್ಡದು. ಕಡಲಲ್ಲಿ ಊರು ಎಂದರೆ ಇಲ್ಲಿ ಲಕ್ಷಣೆಯನ್ನು ಹಿಡಿಯಬೇಕಾದ ಅಗತ್ಯವೇ ಇಲ್ಲ.

ವಿವಾದದ ಕಾಲಕ್ಕೆ ಜೇವೋಲ್ಡೆಯ ಜನಸಂಖ್ಯೆ ಸುಮಾರು 23,000. ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಕಂಪನಿಯು ಇಲ್ಲಿ 166 ಹೆಕ್ಟೇರು, ಎಂದರೆ ಸುಮಾರು 410 ಎಕರೆ, ಕೃಷಿಭೂಮಿಯ ಮೇಲೆ ದೇಶದಲ್ಲೇ ಅತಿ ದೊಡ್ಡದಾದ ದತ್ತಾಂಶ ಕೇಂದ್ರವನ್ನು ಕಟ್ಟಲು ಉದ್ದೇಶಿಸಿತು. ಅದಕ್ಕೆ ಬೇಕಾಗುವ ವಿದ್ಯುತ್ತು ವರ್ಷಕ್ಕೆ 138 ಕೋಟಿ ಯೂನಿಟ್ ಎಂದು ಅಂದಾಜು. ದಿನಕ್ಕೆ ಹಂಚಿದರೆ ಸುಮಾರು 38 ಲಕ್ಷ ಯೂನಿಟ್ ಆಗುತ್ತದೆ. ಆದರೆ ಬಹುಕಾಲ ಊರವರು ಮೆಟಾ ಎಂಬ ಹೆಸರನ್ನೇ ಕೇಳಲಿಲ್ಲ. ಯೋಜನೆಗೆ ಇಟ್ಟಿದ್ದ ಹೆಸರು ‘ಟ್ಯೂಲಿಪ್’. ಕಾಗದಪತ್ರಗಳಲ್ಲಿ ಅರ್ಜಿದಾರರಾಗಿ ನಿಂತುದು ಪೋಲ್ಡರ್ ನೆಟ್‌ವರ್ಕ್ಸ್ ಎಂಬ ಸಂಸ್ಥೆ. ಟ್ಯೂಲಿಪ್ ಆ ನಾಡಿನ ಹೆಮ್ಮೆಯ ಹೂವು. ಪೋಲ್ಡರ್ ಎಂದರೆ ಕಡಲಿನಿಂದ ಗೆದ್ದುಕೊಂಡ ನೆಲಕ್ಕೆ ಅವರು ಹೇಳುವ ಮಾತು. ಊರಿನ ಎರಡು ಪ್ರಿಯವಾದ ಪದಗಳನ್ನು ಎರವಲು ಪಡೆದು, ಊರಿಗೆ ಹೊರಗಿನದಾದ ವಸ್ತುವೊಂದು ಒಳಗೆ ಬಂದಿತು. ದೊಡ್ಡ ವ್ಯವಹಾರಗಳಲ್ಲಿ ಹೀಗೆ ಮರೆಯ ಹೆಸರನ್ನು ಬಳಸುವುದು ಅಪೂರ್ವವಲ್ಲ. ನೆಲದ ಬೆಲೆ ಏರದಿರಲೆಂದು, ಸ್ಪರ್ಧಿಗಳಿಗೆ ತಿಳಿಯದಿರಲೆಂದು ಹಾಗೆ ಮಾಡುತ್ತಾರೆ. ವ್ಯಾಪಾರದಲ್ಲಿ ಇದು ಒಪ್ಪುವ ಮಾತಿರಬಹುದು. ಪುರಸಭೆಯು ವ್ಯಾಪಾರಿಯಲ್ಲ, ಅದು ತನ್ನ ಜನರ ಪರವಾಗಿ ನೆಲದ ಬಳಕೆಯನ್ನು ನಿರ್ಧರಿಸುವ ಸಭೆ. ಹೆಸರನ್ನು ಬಲ್ಲ ಕೆಲವರು ಹೆಸರನ್ನರಿಯದ ಬಹುಮಂದಿಯ ಪರವಾಗಿ ನಿರ್ಧರಿಸತೊಡಗಿದಾಗ, ಪ್ರಾತಿನಿಧ್ಯವೆಂಬ ಮಾತಿಗೇ ಅರ್ಥಬಾಧೆ ಒದಗುತ್ತದೆ.

2021ರ ಡಿಸೆಂಬರ್ 16ರಂದು ಪುರಸಭೆಯು ಭೂಬಳಕೆಯ ಬದಲಾವಣೆಗೆ ಒಪ್ಪಿಗೆಯಿತ್ತಿತು. ಪರವಾಗಿ 11 ಮತ, ವಿರುದ್ಧವಾಗಿ 8. ಮೂರು ತಿಂಗಳ ತರುವಾಯ, 2022ರ ಮಾರ್ಚಿಯಲ್ಲಿ, ಸ್ಥಳೀಯ ಚುನಾವಣೆ ನಡೆಯಿತು. ಕೇಂದ್ರವನ್ನು ವಿರೋಧಿಸಿದ್ದ ಲೇಫ್‌ಬಾರ್ ಜೇವೋಲ್ಡೆ ಎಂಬ ಊರ ಪಕ್ಷವು ಎಲ್ಲ ಪಕ್ಷಗಳಿಗಿಂತ ದೊಡ್ಡದಾಗಿ ಗೆದ್ದು ಬಂದಿತು. ಬೇಕಾದ ನೆಲದಲ್ಲಿ ಒಂದು ಭಾಗ ಸರ್ಕಾರದ ಸ್ವತ್ತಾಗಿತ್ತು. ಆ ಭಾಗವನ್ನು ಆತುರವಾಗಿ ಮಾರಕೂಡದೆಂದು ದೇಶದ ಮೇಲ್ಮನೆಯು ಅದೇ ತಿಂಗಳು ನಿರ್ಣಯ ಮಾಡಿತು. ಕಂಪನಿಯು ಮೊದಲು ಕೆಲಸವನ್ನು ತಡೆಹಿಡಿದು, ಜುಲೈ ತಿಂಗಳಲ್ಲಿ ಯೋಜನೆಯನ್ನೇ ಕೈಬಿಟ್ಟಿತು.

ಈಗ ಮೊದಲಿನ ಎರಡು ವ್ಯಾಖ್ಯಾನಗಳನ್ನು ಈ ವೃತ್ತಾಂತಕ್ಕೆ ಹಚ್ಚಿ ನೋಡಬಹುದು. ಹೊಸ ಯಂತ್ರಗಳ ಅಂಜಿಕೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಇದೇ ಜೇವೋಲ್ಡೆಯ ಬಯಲಿನಲ್ಲಿ ಇನ್ನೂರಕ್ಕೂ ಹೆಚ್ಚು ರೈತರೂ ನಿವಾಸಿಗಳೂ ಪಾಲುದಾರರಾಗಿ ಕೂಡಿ, ಹಳೆಯ ಗಾಳಿಯಂತ್ರಗಳನ್ನು ಕಿತ್ತು, ಎಂಬತ್ತಕ್ಕೂ ಮಿಕ್ಕಿ ಹೊಸ ಭಾರಿ ಯಂತ್ರಗಳನ್ನು ನಿಲ್ಲಿಸಿದ್ದಾರೆ. ಗಾಳಿಯಂತ್ರವು ಕಣ್ಣಿಗೆ ಮರೆಯಾಗುವ ವಸ್ತುವಲ್ಲ. ಹೊಲದ ನಡುವೆ ನಿಂತು ಇಡೀ ದಿಗಂತವನ್ನೇ ಬದಲಿಸುತ್ತದೆ. ಅದನ್ನು ಬರಮಾಡಿಕೊಂಡವರು ಯಂತ್ರದ್ವೇಷಿಗಳೆಂದರೆ ಯಾರೂ ನಂಬರು. ಗಾಳಿಯಂತ್ರದ ವಿಷಯದಲ್ಲಿ ಒಡೆಯರು ಯಾರೆಂಬುದು ಗೊತ್ತಿತ್ತು, ಹುಟ್ಟುವ ವಿದ್ಯುತ್ತು ಎಷ್ಟೆಂಬುದು ಗೊತ್ತಿತ್ತು, ಆದಾಯದಲ್ಲಿ ತಮ್ಮ ಪಾಲು ಯಾವುದೆಂಬುದೂ ಗೊತ್ತಿತ್ತು. ಸ್ವಾರ್ಥವೆಂಬ ಎರಡನೆಯ ವ್ಯಾಖ್ಯಾನವೂ ಸಾಲದು. ಮೇಲ್ಮನೆಯ ಸದಸ್ಯರಲ್ಲಿ ಯಾರ ಹಿತ್ತಿಲೂ ಆ ಬಯಲಿನ ಪಕ್ಕದಲ್ಲಿರಲಿಲ್ಲ.

ಹಾಗೆಂದು ವಿರೋಧಿಗಳ ಮಾತೆಲ್ಲವೂ ತೂಕದ್ದೆಂದು ನಾವು ಹೇಳುವುದಿಲ್ಲ. ತಮ್ಮ ಗಾಳಿಯ ವಿದ್ಯುತ್ತನ್ನೆಲ್ಲ ಕಂಪನಿಯು ನುಂಗಿಬಿಡುತ್ತದೆ ಎಂದು ಹೇಳಿದವರಿದ್ದರು. ತಂತಿಜಾಲಕ್ಕೆ ಸೇರಿದ ವಿದ್ಯುತ್ತಿಗೆ ಊರೆಂಬುದಿಲ್ಲ. ಯಾವ ಯಂತ್ರದ ಯೂನಿಟ್ಟು ಯಾವ ಮನೆಗೆ ಹೋಯಿತೆಂದು ಗುರುತಿಸಲಾಗದು. ಆದರೆ ವಾದದ ಪದಗಳು ಸಡಿಲವಾದರೂ ಲೆಕ್ಕವು ಸುಳ್ಳಲ್ಲ. ಜಾಲದಿಂದ ವರ್ಷಕ್ಕೆ 138 ಕೋಟಿ ಯೂನಿಟ್ ಹೊಸದಾಗಿ ಎಳೆದುಕೊಂಡರೆ, ಅಷ್ಟನ್ನು ಎಲ್ಲಿಂದಲಾದರೂ ಹುಟ್ಟಿಸಲೇಬೇಕು. ಕೇಂದ್ರವು ಪೂರ್ತಿಯಾಗಿ ಹಸಿರು ವಿದ್ಯುತ್ತಿನಿಂದ ನಡೆಯುತ್ತದೆ ಎಂಬ ಎದುರು ವಾದವಾದರೂ ಇದೇ ಸಡಿಲತೆಯನ್ನೇ ಅವಲಂಬಿಸಿತ್ತು. ಹೀಗೆ ‘ನಮ್ಮ ಗಾಳಿ’ ಎಂದವರೂ ‘ಹಸಿರು ಕೇಂದ್ರ’ ಎಂದವರೂ ಒಂದೇ ಅಲಂಕಾರವನ್ನು ಎರಡು ಕಡೆಯಿಂದ ಬಳಸಿದರು. ‘ನಮ್ಮ ಮಣ್ಣು’ ಎಂಬ ಮಾತಿನಲ್ಲಿ ಹೆಚ್ಚು ಬಲವಿತ್ತು. ಕಡಲ ತಳವನ್ನು ಮಣ್ಣಾಗಿಸಲು ಇಡೀ ದೇಶವು ದುಡಿದಿತ್ತು, ದುಡಿದುದು ಬೇಸಾಯದ ನೆಲಕ್ಕಾಗಿ. ಬಂದು ಅರುವತ್ತು ವರ್ಷವೂ ಆಗದ ಆ ಹೊಲವನ್ನು ಹಜಾರಗಳಿಗೆ ಬಿಟ್ಟುಕೊಡಬೇಕೆ ಎಂಬ ಪ್ರಶ್ನೆಯನ್ನು ಭಾವುಕತೆಯೆಂದು ತಳ್ಳಿಹಾಕುವುದು ಸುಲಭವಲ್ಲ.

ಅಳತೆಯ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿದೆ. ನೆದರ್ಲೆಂಡ್ಸಿನ ಉತ್ತರಕ್ಕೆ ವಿರಿಂಗರ್‌ಮೇರ್ ಎಂಬ ಇನ್ನೊಂದು ಪ್ರದೇಶವಿದೆ. ಅದೂ 1930ರಲ್ಲಿ ಹೀಗೆಯೇ ನೀರಿನಿಂದ ಎತ್ತಿದ ನೆಲ. ಅಲ್ಲಿ ಮೈಕ್ರೋಸಾಫ್ಟಿನ ಕೇಂದ್ರವಿದೆ. ಅದು ವರ್ಷಕ್ಕೆ 1.2 ಕೋಟಿಯಿಂದ 2 ಕೋಟಿ ಲೀಟರಿನಷ್ಟು ಕುಡಿಯುವ ನೀರನ್ನು ಬಳಸುವುದೆಂದು ಮೊದಲು ತಿಳಿದಿತ್ತು. 2021ರಲ್ಲಿ ಬಳಸಿದುದು 8.4 ಕೋಟಿ ಲೀಟರ್ ಎಂದು ಮರುವರ್ಷ ಹೊರಬಿದ್ದಿತು. 8.4 ಕೋಟಿ ಲೀಟರು ಒಂದು ನಾಡಿಗೆ ಹೆಚ್ಚೋ ಕಡಮೆಯೋ ಎಂಬುದನ್ನು ಕುರಿತು ಸಮಾಧಾನವಾಗಿ ಚರ್ಚಿಸಬಹುದು. ನಾಲ್ಕು ಪಟ್ಟು ತಪ್ಪಿದ ಲೆಕ್ಕದ ಮೇಲೆ ನಂಬಿಕೆಯಿಡಿ ಎಂದು ಮುಂದಿನ ಊರಿಗೆ ಹೇಳುವುದು ಮಾತ್ರ ಕಷ್ಟ.

ಇದಕ್ಕಿಂತಲೂ ವಿಚಿತ್ರವಾದುದು ಅಮೆರಿಕದ ಆರೆಗನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ದಡದಲ್ಲಿರುವ ದ ಡ್ಯಾಲ್ಸ್ ಎಂಬ ಊರಿನ ಪ್ರಸಂಗ. ಸುಮಾರು 16,000 ಜನರ ಆ ಊರಿನಲ್ಲಿ ಗೂಗಲ್ ಕಂಪನಿಯು 2006ರಿಂದಲೂ ದತ್ತಾಂಶ ಕೇಂದ್ರವನ್ನು ನಡೆಸುತ್ತಿದೆ. ಆ ಕೇಂದ್ರಕ್ಕೆ ಎಷ್ಟು ನೀರು ಹೋಗುತ್ತದೆ ಎಂದು 2021ರಲ್ಲಿ ಪತ್ರಿಕೆಯೊಂದು ಪುರಾಡಳಿತವನ್ನು ಕೇಳಿತು. ಅದು ವ್ಯಾಪಾರದ ಗುಟ್ಟು ಎಂದು ಆಡಳಿತವು ಉತ್ತರವನ್ನು ನಿರಾಕರಿಸಿತು. ಹೇಳಲೇಬೇಕೆಂದು ಆದೇಶವಾದಾಗ, ಹೇಳದಿರುವುದಕ್ಕಾಗಿ ಪತ್ರಿಕೆಯ ಮೇಲೆಯೇ ನ್ಯಾಯಾಲಯಕ್ಕೆ ಹೋಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದ ಈ ವ್ಯಾಜ್ಯವು 2022ರ ಡಿಸೆಂಬರಿನಲ್ಲಿ ರಾಜಿಯಲ್ಲಿ ಮುಗಿದು ಅಂಕಿಗಳು ಹೊರಬಂದವು. 2021ರಲ್ಲಿ ಕೇಂದ್ರವು ಬಳಸಿದ ನೀರು ಸುಮಾರು 134 ಕೋಟಿ ಲೀಟರು. ಇಡೀ ಊರಿನ ಬಳಕೆಯಲ್ಲಿ ಕಾಲುಭಾಗಕ್ಕೂ ಮಿಕ್ಕದ್ದು. ಐದು ವರ್ಷಗಳ ಹಿಂದಿನದಕ್ಕೆ ಹೋಲಿಸಿದರೆ ಸುಮಾರು ಮೂರು ಪಟ್ಟು. ಊರ ನೀರನ್ನು ಊರವರಿಗೆ ಮಾರುವ ಸಂಸ್ಥೆಯು, ಆ ನೀರು ಎಷ್ಟು ಎಲ್ಲಿಗೆ ಹೋಯಿತೆಂಬುದನ್ನು ಊರವರಿಂದಲೇ ಕಾಯ್ದುಕೊಳ್ಳಲು ವಕೀಲರನ್ನಿಟ್ಟುದು ಹೀಗೆ. ನೀರಿಗಿಂತ ನೀರಿನ ಅಂಕಿಯೇ ಹೆಚ್ಚು ಬೆಲೆಯುಳ್ಳ ವಸ್ತುವಾಯಿತು.

ನಮ್ಮ ವಾದಕ್ಕೆ ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹೆಸರು ಮೊದಲಿನಿಂದಲೂ ಬಹಿರಂಗವಾಗಿದ್ದ ಕಡೆಯಲ್ಲಿಯೂ ಯೋಜನೆ ಮುರಿದುಬಿದ್ದಿದೆಯಲ್ಲ, ಅದಕ್ಕೇನು ಹೇಳುವಿರಿ? ಆಕ್ಷೇಪವು ಐರ್ಲೆಂಡಿನ ಗಾಲ್ವೇ ಪ್ರಾಂತದ ಅಥೆನ್ರೈ ಎಂಬ ಪುಟ್ಟ ಊರನ್ನು ಕುರಿತದ್ದು. ಅಲ್ಲಿನ ಜನಸಂಖ್ಯೆ ಆಗ ಐದು ಸಾವಿರಕ್ಕೂ ಕಡಮೆ. ಊರಿನ ಹತ್ತಿರದ ಡೆರಿಡಾನೆಲ್ ಎಂಬಲ್ಲಿ, ಸರ್ಕಾರಿ ಅರಣ್ಯ ಸಂಸ್ಥೆಯು ಬೆಳೆಸಿದ್ದ ಕಾಡಿನಲ್ಲಿ, 85 ಕೋಟಿ ಯೂರೋ ವೆಚ್ಚದಲ್ಲಿ ದತ್ತಾಂಶ ಕೇಂದ್ರವನ್ನು ಕಟ್ಟುವುದಾಗಿ ಆಪಲ್ ಕಂಪನಿಯು 2015ರ ಫೆಬ್ರವರಿಯಲ್ಲಿ ತನ್ನ ಸ್ವಂತ ಹೆಸರಿನಲ್ಲಿಯೇ ಸಾರಿತು. ಊರಿನ ಬಹುಮಂದಿಗೆ ಅದು ಬೇಕಾಗಿತ್ತು. 2016ರ ನವೆಂಬರಿನಲ್ಲಿ ಸುಮಾರು ಎರಡು ಸಾವಿರ ಜನರು ಕೇಂದ್ರವು ಬರಲೆಂದು ಮೆರವಣಿಗೆ ಹೊರಟರು. ಇಂಥ ಕೇಂದ್ರ ಬೇಕೆಂದು ಬೀದಿಗಿಳಿದ ಇನ್ನೊಂದು ಊರನ್ನು ನಾವರಿಯೆವು. ವಿರೋಧಿಸಿ ನ್ಯಾಯಾಲಯಕ್ಕೆ ಹೋದವರು ಬೆರಳೆಣಿಕೆಯಷ್ಟು ಮಂದಿ.

ಸಮುದಾಯದ ವಿರೋಧ ಎಂಬ ಮಾತನ್ನು ಸುಲಭವಾಗಿ ಬಳಸುವವರು ಈ ಊರನ್ನು ಮರೆಯಕೂಡದು. ಯಾರು ಸಮುದಾಯ? ಮೆರವಣಿಗೆಯ ಎರಡು ಸಾವಿರವೋ, ನ್ಯಾಯಾಲಯದ ಕೆಲವರೋ? ಜೇವೋಲ್ಡೆಯಲ್ಲಿ ಚುನಾವಣೆಯು ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಕೊಟ್ಟಿತು. ಅಥೆನ್ರೈಯಲ್ಲಿ ಅಂಥ ಉತ್ತರವೇನಾದರೂ ದೊರೆತಿದ್ದರೆ ಅದು ಕೇಂದ್ರದ ಪರವಾಗಿಯೇ ಇರುತ್ತಿತ್ತೆಂದು ತೋರುತ್ತದೆ. ಯುವಕರು ಕೆಲಸವನ್ನರಸಿ ಹೊರಗೆ ಹೋಗುವ ಪ್ರದೇಶದಲ್ಲಿ, ಜಗತ್ತಿಗೆಲ್ಲ ಗೊತ್ತಿರುವ ಹೆಸರೊಂದು ತಾನಾಗಿ ಬಂದಾಗ, ನಾಲ್ಕು ಜನ ಅದನ್ನು ತಡೆಹಿಡಿದರೆ ಉಳಿದವರಿಗೆ ಆಗುವ ನೋವು ನಿಜವಾದುದೇ. ಆ ನೋವನ್ನು ಅಜ್ಞಾನವೆಂದು ಕರೆಯುವ ಬರಹಗಳನ್ನು ಕಂಡಿದ್ದೇವೆ. ಹಾಗೆ ಬರೆದವರು, ವಿರೋಧಿಗಳಿಗೆ ಅಂಜಿಕೆಯ ಪಟ್ಟ ಕಟ್ಟಿದವರಿಗಿಂತ ಮೇಲಾಗಿಯೇನೂ ನಡೆದುಕೊಂಡಿಲ್ಲ.

ಆದರೂ ಆ ಕೆಲವರು ನ್ಯಾಯಾಲಯದಲ್ಲಿ ಎತ್ತಿದ ಪ್ರಶ್ನೆಯನ್ನು ಓದಬೇಕು. ಅಲ್ಲಿ ಒಟ್ಟಿನಲ್ಲಿ ಎಂಟು ಹಜಾರಗಳಾಗುವ ಮುನ್ನೋಟವಿತ್ತು. ಅನುಮತಿಗೆ ಅರ್ಜಿ ಹಾಕಿದುದು ಮೊದಲನೆಯದಕ್ಕೆ. ಪರಿಸರದ ಮೇಲಾಗುವ ಪರಿಣಾಮವನ್ನು ಅಳೆಯುವಾಗ ಒಂದನ್ನು ಅಳೆಯಬೇಕೋ ಎಂಟನ್ನೋ? ಹೆಸರು ಬಹಿರಂಗವಾಗಿದ್ದ ಕಡೆಯಲ್ಲಿ ವ್ಯಾಜ್ಯವು ನೆಟ್ಟಗೆ ಅಳತೆಯನ್ನೇ ಹಿಡಿಯಿತೆಂಬುದನ್ನು ಗಮನಿಸಬೇಕು. ಸಾಮಾನ್ಯ ಜನ ಇದನ್ನು ತಾಂತ್ರಿಕ ತಕರಾರು ಎಂದರು. ಆದರೆ ಒಂದು ಕಾವ್ಯದ ಮೊದಲ ಆಶ್ವಾಸವನ್ನು ಮಾತ್ರ ಮುಂದಿಟ್ಟು ಎಂಟೂ ಆಶ್ವಾಸಗಳಿಗೆ ಒಪ್ಪಿಗೆ ಕೇಳಿದಂತಿದೆಯಲ್ಲವೇ ಇದು? ಅಥವಾ, ಇನ್ನೂ ಬರೆಯದ ಏಳು ಆಶ್ವಾಸಗಳಿಗಾಗಿ ಬರೆದ ಒಂದನ್ನು ತಡೆಯುವುದು ಅನ್ಯಾಯವೇ? ಎರಡು ಕಡೆಗೂ ಹೇಳಬಹುದಾದದ್ದು ಇದೆ.

ವಿರೋಧದಿಂದ ಕಟ್ಟಡವು ಇಲ್ಲವಾಗುವುದಿಲ್ಲ, ಬೇರೆಡೆಗೆ ಸರಿಯುತ್ತದೆ ಅಷ್ಟೆ, ಎಂಬ ಮಾತನ್ನೂ ಇಲ್ಲಿಯೇ ನೋಡಿಬಿಡಬಹುದು. ಇದು ದಿಟಕ್ಕೆ ಹತ್ತಿರವಾದ ಮಾತು. ಜೇವೋಲ್ಡೆಯಲ್ಲಿ ಕೆಲಸ ನಿಂತ ಅದೇ 2022ರ ಮಾರ್ಚಿಯಲ್ಲಿ ಮೆಟಾ ಕಂಪನಿಯು ಸ್ಪೇನಿನ ತಲವೇರ ಡಿ ಲಾ ರೇನ ಎಂಬ ಊರಿನಲ್ಲಿ ದತ್ತಾಂಶ ಕೇಂದ್ರವನ್ನು ಸ್ಥಾಪಿಸುವುದಾಗಿ ಪ್ರಕಟಿಸಿತು. ಅಥೆನ್ರೈಯ ಯೋಜನೆಯೊಂದಿಗೆ ಒಂದೇ ದಿನ ಪ್ರಕಟವಾದ ಡೆನ್ಮಾರ್ಕಿನ ವೀಬೋರ್ ಕೇಂದ್ರವು ಕಟ್ಟಿ ಮುಗಿದು ನಡೆಯುತ್ತಿದೆ. ಪತ್ರವನ್ನು ಕಳಿಸುವವರೂ ಚಿತ್ರವನ್ನು ಕೂಡಿಡುವವರೂ ಆದ ನಾವೆಲ್ಲರೂ ಈ ಹಜಾರಗಳ ಬಾಡಿಗೆದಾರರೇ ಆಗಿರುವುದರಿಂದ, ಎಲ್ಲಿಯೂ ಬೇಡವೆನ್ನುವ ಅಧಿಕಾರ ನಮಗಿಲ್ಲ. ಆದರೆ ಎಲ್ಲಿ ಎಂಬುದನ್ನು ವಿವೇಕದಿಂದ ಆರಿಸಬೇಕಾದರೆ ಒಂದು ಊರಿನ ನೀರನ್ನು ಇನ್ನೊಂದು ಊರಿನ ನೀರಿನೊಡನೆ, ಒಂದು ಬಯಲನ್ನು ಇನ್ನೊಂದು ಬಯಲಿನೊಡನೆ ಹೋಲಿಸಲು ಬರಬೇಕು. ಅಂಕಿಗಳು ಗುಟ್ಟಾಗಿರುವವರೆಗೆ ಆ ಹೋಲಿಕೆ ಸಾಧ್ಯವಿಲ್ಲ. ಆಗ ಎಲ್ಲಿ ಪ್ರತಿಭಟನೆ ಕಡಮೆಯೋ ಅಲ್ಲಿಗೆ ಕಟ್ಟಡ ಹೋಗುತ್ತದೆ.

ಅಥೆನ್ರೈಯ ವ್ಯಾಜ್ಯದಲ್ಲಿ ಉಚ್ಚ ನ್ಯಾಯಾಲಯವು 2017ರ ಅಕ್ಟೋಬರಿನಲ್ಲಿ ವಿರೋಧಿಗಳ ವಾದವನ್ನು ತಳ್ಳಿಹಾಕಿತು. ಅವರು ಮೇಲಿನ ನ್ಯಾಯಾಲಯಕ್ಕೆ ಹೋದರು. 2018ರ ಮೇ ತಿಂಗಳಲ್ಲಿ, ತಡವಾಯಿತೆಂದು ಹೇಳಿ, ಕಂಪನಿಯು ಯೋಜನೆಯನ್ನು ಬಿಟ್ಟುಬಿಟ್ಟಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು: ಮುಂದೆ ಬರಬಹುದಾದ ಹಜಾರಗಳನ್ನು ಸಾಧ್ಯವಾದಷ್ಟು ಮಟ್ಟಿಗೆ ಗಣನೆಗೆ ತಂದುಕೊಂಡರೆ ಸಾಕು, ಅವುಗಳೆಲ್ಲದರ ಪೂರ್ಣ ಪರಿಶೀಲನೆ ಮೊದಲನೆಯದರ ಜೊತೆಯಲ್ಲಿಯೇ ಆಗಬೇಕಾಗಿಲ್ಲ ಎಂದು. ಎಂಟರ ಪ್ರಶ್ನೆಗೆ ಕಾನೂನಿನ ಉತ್ತರವು ಹೀಗೆ ಸ್ಪಷ್ಟವಾಗುವ ವೇಳೆಗೆ, ಅಳೆಯಬೇಕಾದ ಒಂದೂ ಡೆರಿಡಾನೆಲ್ಲಿನ ಕಾಡಿನಲ್ಲಿ ಇರಲಿಲ್ಲ.